ತೂಕ ಹೇಳದ ಅಂಗಡಿಯಿಂದ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಡಿ

ಎಲೆಕ್ಟ್ರಿಕ್ ಗಿಟಾರನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವವರು, ಅದರಲ್ಲೂ ಗಂಟೆಗಟ್ಟಲೆ ನಿಂತೇ ನುಡಿಸಬೇಕಾದ ಆರ್ಕೆಸ್ಟ್ರಾ ಕಲಾವಿದರು, ಹಣ ಕಟ್ಟುವ ಮೊದಲು ತಮಗೆ ಬರಲಿರುವ ಅದೇ ವಾದ್ಯದ ತೂಕವನ್ನು ಅಂಗಡಿಯವರಿಂದ ಲಿಖಿತವಾಗಿ ಪಡೆದುಕೊಳ್ಳಬೇಕೆಂದು ಈ ಬರಹದ ಮೂಲಕ ಕೋರುತ್ತೇನೆ. ಇಷ್ಟು ಸಣ್ಣ ಸಂಗತಿಗೆ ಎಚ್ಚರಿಕೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಕಳೆದ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆಂದು ನಾನು ತರಿಸಿಕೊಂಡ ಗಿಟಾರ್ ನನ್ನ ಎಡ ಭುಜಕ್ಕೆ ಕೊಟ್ಟ ನೋವು ಇನ್ನೂ ಪೂರ್ತಿ ಇಳಿದಿಲ್ಲ, ಹಣವಂತೂ ಮರಳಿ ಬಂದೇ ಇಲ್ಲ.

ಅದು ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಗಿಟಾರಿನ ಆಕಾರದಲ್ಲಿ ಬೇರೊಂದು ಕಂಪನಿ ತಯಾರಿಸಿದ ವಾದ್ಯ. ಅಂಗಡಿಯ ಜಾಲತಾಣದಲ್ಲಿ ಮರದ ಜಾತಿ, ಪಿಕಪ್‌ಗಳ ವಿವರ, ಫ್ರೆಟ್‌ಗಳ (ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿಗಳ) ಸಂಖ್ಯೆ, ನಟ್‌ನ ಅಗಲ ಎಲ್ಲವೂ ಇದ್ದವು, ತೂಕ ಮಾತ್ರ ಇರಲಿಲ್ಲ. ಫೋನಿನಲ್ಲಿ ಕೇಳಿದಾಗ "ನಾಲ್ಕು ಕೆ.ಜಿ. ಒಳಗೇ ಇರುತ್ತೆ ಸಾರ್, ಯೋಚನೆ ಮಾಡಬೇಡಿ" ಎಂದರು. ವಾದ್ಯ ಮನೆಗೆ ಬಂದ ಮೇಲೆ, ವಿಮಾನ ಪ್ರಯಾಣಿಕರು ಲಗೇಜ್ ತೂಗಲು ಇಟ್ಟುಕೊಳ್ಳುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಹೆಡ್‌ಸ್ಟಾಕ್‌ನ (ತಂತಿ ಬಿಗಿಸುವ ತುದಿಯ) ಬುಡದಿಂದ ಬಟ್ಟೆಯ ಪಟ್ಟಿ ಕಟ್ಟಿ ತೂಗುಹಾಕಿದೆ. ಅಂಕಿಗಳು ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ 5.2ರಲ್ಲಿ ನಿಂತವು. ಕೂಡಲೇ ಅಂಗಡಿಗೆ ತಿಳಿಸಿದರೆ, ಭಾರ ಹೆಚ್ಚಿದಷ್ಟೂ ಸಸ್ಟೇನ್ (ಮೀಟಿದ ಸ್ವರ ಉಳಿಯುವ ಹೊತ್ತು) ಹೆಚ್ಚು, ಆದ್ದರಿಂದ ನನಗೆ ಒಳ್ಳೆಯ ಪೀಸೇ ಸಿಕ್ಕಿದೆ ಎಂದು ಸಮಾಧಾನ ಹೇಳಿದರು. ವಾಪಸು ತೆಗೆದುಕೊಳ್ಳಿ ಎಂದು ಪಟ್ಟು ಹಿಡಿದಾಗ, ತೂಕವನ್ನು ದೋಷವೆಂದು ಪರಿಗಣಿಸಲಾಗದು ಎಂಬ ಒಂದು ಸಾಲಿನ ಇಮೇಲ್ ಬಂತು.

ಈ ಸಸ್ಟೇನ್ ವಾದವನ್ನು ಅಂಗಡಿಗಳಲ್ಲಿ ಎಷ್ಟು ಸಲ ಕೇಳಿದರೂ ಅದಕ್ಕೆ ಆಧಾರ ಸಿಗುವುದಿಲ್ಲ. ಗಿಬ್ಸನ್ ಕಂಪನಿ 1952ರಲ್ಲಿ ಹೊರತರಲು ಶುರುಮಾಡಿದ ಲೆಸ್ ಪಾಲ್‌ಗಳ ಪೈಕಿ ಇಂದು ಅತಿ ಹೆಚ್ಚು ಬೆಲೆಗೆ ಮಾರಾಟವಾಗುವುದು 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಬಣ್ಣದವು, ಮತ್ತು ಅವುಗಳಲ್ಲಿ ಹೆಚ್ಚಿನವು ಸುಮಾರು ನಾಲ್ಕು ಕೆ.ಜಿ. ತೂಗುತ್ತವೆ. ಭಾರಕ್ಕೆ ಹೆಸರಾದವು 1970ರ ದಶಕದವು. ಆ ಭಾರದ ಬಗ್ಗೆ ದೂರುಗಳಿದ್ದ ಕಾರಣ ಮುಂದಿನ ದಶಕದಲ್ಲಿ ಅದೇ ಕಂಪನಿ ಮಹಾಗನಿ ಮರದೊಳಗೆ ರಂಧ್ರ ಕೊರೆದು, ಅದರ ಮೇಲೆ ಮೇಪಲ್ ಹಲಗೆ ಮುಚ್ಚಿ ತೂಕ ಇಳಿಸತೊಡಗಿತು. ಇನ್ನೊಂದು ಗಿಟಾರ್ ಕಂಪನಿ ಫೆಂಡರ್ ಕೂಡ 1968ರಲ್ಲಿ ಒಳಗೆ ಟೊಳ್ಳು ಬಿಟ್ಟ ಟೆಲಿಕಾಸ್ಟರ್ ಥಿನ್‌ಲೈನ್ ಎಂಬ ಗಿಟಾರನ್ನು ಹೊರತಂದಿತು. ಭಾರವೇ ನಾದದ ಗುಟ್ಟಾಗಿದ್ದರೆ ಈ ತಯಾರಕರು ಇಷ್ಟೊಂದು ಶ್ರಮಪಟ್ಟು ಅದನ್ನು ಕಳೆಯಬೇಕಾಗಿರಲಿಲ್ಲ.

ಒಂದೇ ಮಾದರಿಯ, ಒಂದೇ ವರ್ಷ ತಯಾರಾದ ಎರಡು ಗಿಟಾರ್‌ಗಳ ನಡುವೆಯೂ ಅರ್ಧ ಕೆ.ಜಿ., ಕೆಲವೊಮ್ಮೆ ಒಂದು ಕೆ.ಜಿ.ಯಷ್ಟು ವ್ಯತ್ಯಾಸ ಇರುತ್ತದೆ, ಏಕೆಂದರೆ ಮರದ ಸಾಂದ್ರತೆ ಒಂದು ದಿಮ್ಮಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆದ್ದರಿಂದ "ಈ ಮಾಡೆಲ್ ಸಾಮಾನ್ಯವಾಗಿ ಇಷ್ಟಿರುತ್ತೆ" ಎಂಬ ಉತ್ತರವನ್ನು ಉತ್ತರವೆಂದೇ ಎಣಿಸಬೇಡಿ.

ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವವರಿಗೆ 5.2 ಕೆ.ಜಿ. ಅಷ್ಟಾಗಿ ತಿಳಿಯುವುದಿಲ್ಲ, ತೊಡೆಯೇ ಭಾರವನ್ನು ಹೊರುತ್ತದೆ. ನಮ್ಮ ಆರ್ಕೆಸ್ಟ್ರಾಗಳ ರೀತಿ ಬೇರೆ. ಸಂಜೆ ಭಾಷಣಗಳು ಮುಗಿದ ಮೇಲೆ ವೇದಿಕೆ ಹತ್ತಿದರೆ, ರಾತ್ರಿ ಹತ್ತಕ್ಕೆ ಪೊಲೀಸರು ಬಂದು ಧ್ವನಿವರ್ಧಕ ನಿಲ್ಲಿಸುವವರೆಗೆ ಹಾಡಿನ ಮೇಲೆ ಹಾಡು, ನಡುವೆ ಗಣ್ಯರ ಸನ್ಮಾನ ನಡೆಯುವಾಗಲೂ ವಾದ್ಯವನ್ನು ಕೊರಳಿನಿಂದ ಇಳಿಸುವಂತಿಲ್ಲ. ಸ್ಟ್ರಾಪ್ ಒತ್ತುವ ಜಾಗ ಕತ್ತಿಗೂ ಭುಜಕ್ಕೂ ನಡುವೆ ಇದೆ. ಕೈಗೆ ಹೋಗುವ ನರಗಳು ಕೊರಳೆಲುಬಿನ ಹಿಂದಿನಿಂದ ಹಾಯುವುದೂ ಅಲ್ಲಿಯೇ. ಮೊದಲು ಭುಜದ ಸ್ನಾಯು ಕಲ್ಲಾಯಿತು, ಆಮೇಲೆ ಬಾರ್ ಕಾರ್ಡ್ (ಒಂದೇ ಬೆರಳನ್ನು ಅಡ್ಡಲಾಗಿ ಹಲವು ತಂತಿಗಳ ಮೇಲೆ ಒತ್ತುವ ಹಿಡಿತ) ಹಿಡಿದಾಗ ಎಡಗೈ ಬೆರಳುಗಳಲ್ಲಿ ಜೋಮು ಹಿಡಿಯಲು ಶುರುವಾಯಿತು, ಕೊನೆಗೆ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಫಿಸಿಯೋಥೆರಪಿಗೆ ಓಡಾಡಬೇಕಾಯಿತು. ಅಗಲವಾದ ಚರ್ಮದ ಸ್ಟ್ರಾಪ್ ಹಾಕಿಯೂ ನೋಡಿದೆ. ಅದು ಒತ್ತಡವನ್ನು ಹರಡುತ್ತದೆ, ಬೆನ್ನಿಗೆ ಬೀಳುವ ಭಾರ ಮಾತ್ರ ಅಷ್ಟೇ ಉಳಿಯುತ್ತದೆ.

ಹಾಗೆಂದು ಹಗುರವಾದುದೆಲ್ಲ ಹಿತವೆಂದು ಭಾವಿಸಬಾರದು. ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಲ್ಲಿ ನಿಲ್ಲುತ್ತದೆ ಎಂಬುದು. 1961ರಲ್ಲಿ ಬಂದ ಗಿಬ್ಸನ್‌ನ ಎಸ್‌ಜಿ ವಿನ್ಯಾಸದ ದೇಹ ತೆಳುವಾಗಿದೆ, ಸ್ಟ್ರಾಪ್ ಸಿಕ್ಕಿಸುವ ಗುಂಡಿ ನೆಕ್ (ಗಿಟಾರಿನ ಉದ್ದನೆಯ ಕೊರಳು) ದೇಹಕ್ಕೆ ಸೇರುವ ಜಾಗದಲ್ಲಿದೆ. ಹೀಗಾಗಿ ಕೈಬಿಟ್ಟರೆ ಅಂತಹ ಅನೇಕ ಗಿಟಾರ್‌ಗಳ ಹೆಡ್‌ಸ್ಟಾಕ್ ನೆಲದ ಕಡೆಗೆ ವಾಲುತ್ತದೆ, ಅದನ್ನು ಎತ್ತಿ ಹಿಡಿಯುವ ಕೆಲಸವೂ ಎಡಗೈಗೇ ಬೀಳುತ್ತದೆ. ಫೆಂಡರ್‌ನ 1954ರ ಸ್ಟ್ರಾಟೊಕಾಸ್ಟರ್ ವಿನ್ಯಾಸದಲ್ಲಿ ದೇಹದ ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್‌ನ ಹತ್ತಿರದವರೆಗೆ ಚಾಚಿರುವುದರಿಂದ ಆ ತಾಪತ್ರಯ ಕಡಿಮೆ, ತೂಕವೂ ಸಾಮಾನ್ಯವಾಗಿ 3.2ರಿಂದ 3.8 ಕೆ.ಜಿ. ಒಳಗೆ ಇರುತ್ತದೆ. ಅಂಗಡಿಗೆ ಖುದ್ದಾಗಿ ಹೋಗುವವರು ನಿಮ್ಮದೇ ಸ್ಟ್ರಾಪ್ ಒಯ್ಯಿರಿ, ವೇದಿಕೆಯಲ್ಲಿ ಹಾಕಿಕೊಳ್ಳುವ ಎತ್ತರಕ್ಕೇ ಹೊಂದಿಸಿ ಕನಿಷ್ಠ ಅರ್ಧ ಗಂಟೆ ನಿಂತು ನುಡಿಸಿ, ನಡುವೆ ಎರಡೂ ಕೈ ಬಿಟ್ಟು ಹೆಡ್‌ಸ್ಟಾಕ್ ಎತ್ತ ಹೋಗುತ್ತದೆಂದು ನೋಡಿ. ಸ್ಟೂಲ್ ಕೊಟ್ಟು ಕೂರಿಸುವ ಮರ್ಯಾದೆಯನ್ನು ವಿನಯದಿಂದಲೇ ಬೇಡವೆನ್ನಿ.

ಆನ್‌ಲೈನ್ ಖರೀದಿಯಲ್ಲಿ ಬರವಣಿಗೆಯ ದಾಖಲೆ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. 2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಅಥವಾ ಪರಸ್ಪರ ಒಪ್ಪಿಕೊಂಡ ಗುಣಲಕ್ಷಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ನನ್ನ ವಿಷಯದಲ್ಲಿ ಜಾಹೀರಾತಿನಲ್ಲಿ ತೂಕವೇ ಇರಲಿಲ್ಲ, ಫೋನಿನಲ್ಲಿ ಆಡಿದ ಮಾತನ್ನು ಅಂಗಡಿಯವರು ಈಗ ಒಪ್ಪುತ್ತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಅದು ಇನ್ನೂ ಇತ್ಯರ್ಥವಾಗಿಲ್ಲ. ನೀವಾದರೆ, ತಕ್ಕಡಿಯ ಮೇಲಿರುವ ಗಿಟಾರ್, ತಕ್ಕಡಿಯ ಅಂಕಿ ಮತ್ತು ಹೆಡ್‌ಸ್ಟಾಕ್‌ನ ಹಿಂಬದಿಯ ಕ್ರಮಸಂಖ್ಯೆ, ಈ ಮೂರೂ ಕಾಣುವ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು, "ಇದೇ ಪೀಸ್, ಇದೇ ತೂಕ, ಹೆಚ್ಚಿದ್ದರೆ ವಾಪಸು" ಎಂದು ಬರೆದು ಅವರ ಒಪ್ಪಿಗೆ ಪಡೆದ ಮೇಲೆಯೇ ಹಣ ಕಳುಹಿಸಿ. ಫೋಟೋ ಕೊಡಲು ಹಿಂದೇಟು ಹಾಕುವ ಅಂಗಡಿ ಎಷ್ಟೇ ರಿಯಾಯಿತಿ ಕೊಟ್ಟರೂ ಬೇರೆ ಕಡೆ ನೋಡಿ.