ತೋರಿಸಿದ್ದು ಟೈಟಾನಿಯಂ, ಕಳಿಸಿದ್ದು ಸ್ಟೀಲು: ಬಿಡಿ ಉಪಕರಣ ಮಾಡಿಸುವವರಿಗೆ ಒಂದು ಎಚ್ಚರಿಕೆ

ಮೈಸೂರಿನಲ್ಲಿ ನಾಲ್ಕೈದು ಮಂದಿ ಯುವ ಎಂಜಿನಿಯರುಗಳು ಸೇರಿ ನಡೆಸುತ್ತಿರುವುದಾಗಿ ಹೇಳಿಕೊಳ್ಳುವ ಒಂದು ಸಣ್ಣ ತಂಡದಿಂದ ನಮ್ಮ ವರ್ಕ್‌ಶಾಪಿಗೆ ಬೇಕಾದ ಕೆಲವು ನಿಖರ ಅಳತೆಯ ಉಪಕರಣಗಳನ್ನೂ, ಆಯುಧ ಪೂಜೆಯಂದು ಕೆಲಸಗಾರರಿಗೂ ಗಿರಾಕಿಗಳಿಗೂ ಉಡುಗೊರೆ ಕೊಡಲು ಸುಮ್ಮನೆ ಕೈಯಲ್ಲಿ ಆಡಿಸುತ್ತ ಕೂರುವ ಲೋಹದ ಫಿಜೆಟ್ ಸಾಮಾನುಗಳನ್ನೂ ಮಾಡಿಸಿದೆವು. ತೋರಿಸಿದ ಮಾದರಿ ಒಂದು, ಬಂದ ಸರಕು ಇನ್ನೊಂದು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಸರಕು ಬರುವ ಮೊದಲೇ ಮಾದರಿಯನ್ನು ಅವರು ನಮ್ಮಿಂದ ಹಿಂದಕ್ಕೆ ತರಿಸಿಕೊಂಡಿದ್ದರು, ಹೋಲಿಸಿ ನೋಡಲು ನಮ್ಮ ಕೈಯಲ್ಲಿ ಏನೂ ಉಳಿಯದಂತೆ ಮಾಡಿದ್ದರು ಎಂಬುದನ್ನು ಇತರರು ತಿಳಿದಿರಬೇಕು. ವಿಷಯ ಇನ್ನೂ ವಕೀಲರ ನೋಟಿಸಿನ ಹಂತದಲ್ಲಿರುವುದರಿಂದ ಹೆಸರು ಬರೆಯುವುದಿಲ್ಲ. ಅವರ ಹೆಸರಿಗಿಂತ ಅವರು ನಡೆದುಕೊಂಡ ರೀತಿಯನ್ನು ತಿಳಿದುಕೊಳ್ಳುವುದೇ ಓದುಗರಿಗೆ ಹೆಚ್ಚು ಉಪಯೋಗ.

ನಮ್ಮದು ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಮೆಷಿನ್ ಕೆಲಸದಲ್ಲಿ ಬಿಡಿಭಾಗಗಳನ್ನು ಹಿಡಿದಿಡುವ ಜಿಗ್, ಫಿಕ್ಸ್‌ಚರ್ ಮಾಡುವ ಸಣ್ಣ ಶೆಡ್ಡು. ಆರ್ಡರಿನಲ್ಲಿ ಮೂರು ಬಗೆಯ ವಸ್ತುಗಳಿದ್ದವು. ಮೊದಲನೆಯದು ಮೆಷಿನ್ನಿನ ಮೇಲೆ ಬಿಡಿಭಾಗವನ್ನು ನಿಖರ ಎತ್ತರಕ್ಕೆ ಕೂರಿಸಲು ಬಳಸುವ 1-2-3 ಬ್ಲಾಕ್‌ಗಳ ಜೋಡಿಗಳು. ಒಂದು, ಎರಡು, ಮೂರು ಇಂಚಿನ, ಅಂದರೆ 25.4, 50.8 ಮತ್ತು 76.2 ಮಿಲಿಮೀಟರ್ ಅಳತೆಯ, ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ ಉಕ್ಕಿನ ಬ್ಲಾಕ್‌ಗಳು. ಎರಡನೆಯದು ಡಬ್ಬದ ಮುಚ್ಚಳ ಎಬ್ಬಿಸಲು, ಪ್ಯಾಕಿಂಗ್ ಬಿಚ್ಚಲು ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಪ್ರೈ ಬಾರ್. ಇದು ಗ್ರೇಡ್ 5 ಟೈಟಾನಿಯಂ ಎಂಬ ಹಗುರವೂ ಗಟ್ಟಿಯೂ ಆದ ಮಿಶ್ರಲೋಹದ್ದು ಎಂದು ಮಾತಾಗಿತ್ತು. ಮೂರನೆಯದು ಎರಡು ಲೋಹದ ಬಿಲ್ಲೆಗಳ ನಡುವೆ ಮ್ಯಾಗ್ನೆಟ್ ಕೂರಿಸಿದ, ಹೆಬ್ಬೆರಳಿನಿಂದ ಟಕ್ ಟಕ್ ಎಂದು ಸರಿಸುತ್ತ ಕೂರುವ ಸ್ಲೈಡರ್. 2017ರಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ತಿರುಗುತ್ತಿದ್ದ ಸ್ಪಿನ್ನರುಗಳ ಕಾಲ ಮುಗಿದ ಮೇಲೆ ದೊಡ್ಡವರಿಗಾಗಿ ದುಬಾರಿ ಲೋಹಗಳಲ್ಲಿ ಬಂದಿರುವ ಸಾಮಾನು ಇದು. ಚೆನ್ನಾಗಿ ಮಾಡಿದ್ದರೆ ನಿಜಕ್ಕೂ ಕೈಗೆ ಹಿತವಾದ ವಸ್ತುವೇ.

ಅವರು ಕಳಿಸಿದ ಮಾದರಿಗಳು ಚೆನ್ನಾಗಿಯೇ ಇದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರೈ ಬಾರಿನ ಅಂಚುಗಳಲ್ಲಿ ಚ್ಯಾಂಫರ್ (ಚೂಪು ಅಂಚನ್ನು ಓರೆಯಾಗಿ ತೆಗೆದದ್ದು) ಒಂದೇ ಸಮನಾಗಿತ್ತು, ಬ್ಲಾಕ್‌ಗಳ ಮೇಲೆ ಗ್ರೈಂಡಿಂಗ್ ಗೆರೆ ಸಣ್ಣಗಿತ್ತು. ಒಳಗೆ ಬರುವ ಪ್ರತಿ ಸಾಮಾನನ್ನೂ ತೂಕ ಹಾಕಿ ಬರೆದಿಡುವುದು ನಮ್ಮ ಸ್ಟೋರ್ಸಿನ ಹುಡುಗನ ರೂಢಿ. ಪ್ರೈ ಬಾರಿನ ಮಾದರಿ 40 ಗ್ರಾಂ ಎಂದು ಇನ್‌ವರ್ಡ್ ರಿಜಿಸ್ಟರಿನಲ್ಲಿ ಅವನು ಬರೆದಿದ್ದ. ಇಂದು ನಮ್ಮ ಬಳಿ ಉಳಿದಿರುವ ಗಟ್ಟಿ ಸಾಕ್ಷಿ ಆ ಒಂದು ಸಾಲು. ಅರ್ಧ ಹಣ ಮುಂಗಡ ಹೋದ ಮೇಲೆ, ‘ಸಾರ್, ಲಾಟಿನ ಫಿನಿಶ್ ಇದಕ್ಕೇ ಸರಿಹೊಂದಿಸಬೇಕು, ನಮ್ಮ ಹತ್ತಿರ ಇರುವುದು ಇದೊಂದೇ ಪೀಸ್’ ಎಂದು ಹೇಳಿ ಮೂರೂ ಮಾದರಿಗಳನ್ನು ಕೊರಿಯರಿನಲ್ಲಿ ವಾಪಸ್ ಪಡೆದರು. ಫಿನಿಶ್ ಹೋಲಿಸಲು ಮಾದರಿ ಕೇಳುವುದು ಈ ಕಸುಬಿನಲ್ಲಿ ಅಸಹಜವೇನಲ್ಲ. ಆದ್ದರಿಂದಲೇ ಈ ನೆಪ ಎಲ್ಲರ ಬಳಿಯೂ ನಡೆಯುತ್ತದೆ.

ಆ ನಂತರ ತಾರೀಖುಗಳು ಮುಂದಕ್ಕೆ ಹೋಗತೊಡಗಿದವು. ಹೀಟ್ ಟ್ರೀಟ್‌ಮೆಂಟಿಗೆ ಸರದಿ ಇದೆ, ಮೆಷಿನ್ನಿನ ಸ್ಪಿಂಡಲ್ ರಿಪೇರಿಯಲ್ಲಿದೆ, ಪ್ಯಾಕಿಂಗ್ ಡಬ್ಬ ಬಂದಿಲ್ಲ ಎಂಬಂಥ ಉತ್ತರಗಳನ್ನು ಕೇಳಿಕೊಂಡೇ ಬಂದೆವು. ನಡುವೆ ಒಂದು ಪರಿಷ್ಕೃತ ಪ್ರೊಫಾರ್ಮಾ (ಬಿಲ್ಲಿಗೆ ಮೊದಲು ಕೊಡುವ ದರಪಟ್ಟಿ) ಬಂತು. ಮೆಸೇಜುಗಳಲ್ಲೆಲ್ಲ ಗ್ರೇಡ್ 5 ಟೈಟಾನಿಯಂ ಎಂದಿದ್ದ ವಸ್ತು ಅದರಲ್ಲಿ ‘ಟೈಟಾನಿಯಂ ಫಿನಿಶ್’ ಆಗಿತ್ತು. ಬೆಲೆ ಮಾತ್ರ ಬದಲಾಗಿರಲಿಲ್ಲ. ಬಾಕಿ ಹಣವನ್ನು ಸರಕು ಹೊರಡುವ ಮೊದಲು, ಸಂಸ್ಥೆಯ ಖಾತೆಗಲ್ಲದೆ ಒಬ್ಬ ವ್ಯಕ್ತಿಯ ಯುಪಿಐಗೆ ಹಾಕಿಸಿಕೊಂಡರು. ಸರಕು ಇಳಿದದ್ದು ಆಯುಧ ಪೂಜೆಯ ಹಿಂದಿನ ಸಂಜೆ. ಮೆಷಿನ್ನುಗಳನ್ನು ತೊಳೆದು, ಬೂದುಗುಂಬಳ ತಂದಿಟ್ಟು, ಹಾರ ಕಟ್ಟುವ ಹೊತ್ತಿನಲ್ಲಿ ಯಾರೂ ಅಳತೆ ನೋಡುವ ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮುಂದೆ ಕೂರುವುದಿಲ್ಲ ಎಂಬುದು ಈ ಕಸುಬು ಬಲ್ಲ ಯಾರಿಗಾದರೂ ಗೊತ್ತು. ಸ್ಲೈಡರುಗಳನ್ನು ಮರುದಿನ ಹಂಚಿದೆವು. ಬ್ಲಾಕ್‌ಗಳೂ ಪ್ರೈ ಬಾರುಗಳೂ ಡಬ್ಬದಲ್ಲೇ ಉಳಿದವು.

ರಜೆ ಮುಗಿದ ಮೇಲೆ ತೂಕ ಹಾಕಿದಾಗ ಪ್ರೈ ಬಾರ್ 71 ಗ್ರಾಂ ತೋರಿಸಿತು. ಅಳತೆ ಅದೇ, ತೂಕ ಮಾತ್ರ ಎರಡು ಪಟ್ಟಿಗೆ ಹತ್ತಿರ. ಇದು ಯಾವ ಲೋಹ ಎಂದು ತಿಳಿಯಲು ಲ್ಯಾಬಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ತೆಳುವಾದ ದಾರದಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ, ಪೂರ್ತಿ ಮುಳುಗುವಂತೆ ಕೈಯಲ್ಲಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಲುಗಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಗ್ರಾಮಿನ ಸಂಖ್ಯೆಯೇ ಆ ವಸ್ತುವಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಒಣಗಿದ್ದಾಗಿನ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನಮಗೆ ತಕ್ಕಡಿ 9 ತೋರಿಸಿತು. 71 ಭಾಗಿಸು 9, ಅಂದರೆ ಸುಮಾರು 7.9. ಗ್ರೇಡ್ 5 ಟೈಟಾನಿಯಂನ ಸಾಂದ್ರತೆ 4.43, ಸ್ಟೇನ್‌ಲೆಸ್ ಸ್ಟೀಲ್ 7.9ರ ಆಸುಪಾಸು, ಅಲ್ಯೂಮಿನಿಯಂ 2.7, ಹಿತ್ತಾಳೆ ಸುಮಾರು 8.5; ತಾಮ್ರ 8.96, ಟಂಗ್‌ಸ್ಟನ್ 19.3. ಟಂಗ್‌ಸ್ಟನ್ ಎಂದು ಹೇಳಿ ಭಾರಿ ಬೆಲೆಗೆ ಮಾರುವ ಫಿಜೆಟ್ ಸಾಮಾನುಗಳಿಗೂ ಈ ಪರೀಕ್ಷೆ ನಡೆಯುತ್ತದೆ. ಬಿಚ್ಚಲಾಗದಂತೆ ಮ್ಯಾಗ್ನೆಟ್ ಕೂರಿಸಿದ ವಸ್ತುವಿಗೆ ಮಾತ್ರ ನಡೆಯದು, ಏಕೆಂದರೆ ಅಲ್ಲಿ ಎರಡು ಲೋಹಗಳ ಲೆಕ್ಕ ಬೆರೆತಿರುತ್ತದೆ. ನಮ್ಮ ಪೀಸನ್ನು ಆಮೇಲೆ, ಲೋಹದಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರೋ ಪರೀಕ್ಷೆಗೂ ಕೊಟ್ಟೆವು. ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್, ಉಳಿದದ್ದು ಹೆಚ್ಚುಕಡಿಮೆ ಕಬ್ಬಿಣ ಎಂದು ವರದಿ ಬಂತು. ಅದು ಪಾತ್ರೆ ಅಂಗಡಿಯಲ್ಲೂ ಸಿಗುವ 304 ಸ್ಟೀಲು.

ಇಷ್ಟಾದರೂ ಸರಕಿನ ಜೊತೆ ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಇತ್ತು. ಅಚ್ಚುಕಟ್ಟಾದ, ಸೀಲು ಸಹಿ ಇರುವ ನಕಲು. ಅದನ್ನು ಗಮನವಿಟ್ಟು ಓದಿದರೆ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಬಿ348 ಎಂದಿತ್ತು. ಅದು ಟೈಟಾನಿಯಂ ಬಾರ್ ಮತ್ತು ಬಿಲೆಟ್‌ಗೆ ಸಂಬಂಧಿಸಿದ ಮಾನದಂಡ, ವಸ್ತುವಿನ ವಿವರದಲ್ಲೂ ರೌಂಡ್ ಬಾರ್ ಎಂದೇ ಬರೆದಿತ್ತು. ನಮ್ಮ ಪ್ರೈ ಬಾರ್‌ಗಳು ಎದ್ದು ಕಾಣುವಂತೆ 5 ಮಿಲಿಮೀಟರ್ ದಪ್ಪದ ಪ್ಲೇಟಿನಿಂದ ಕತ್ತರಿಸಿದವು. ಟೈಟಾನಿಯಂ ಪ್ಲೇಟ್ ಮತ್ತು ಶೀಟಿಗೆ ಇರುವುದು ಬಿ265. ಸರ್ಟಿಫಿಕೇಟಿನಲ್ಲಿದ್ದ ಹೀಟ್ ನಂಬರ್ (ಲೋಹವನ್ನು ಕರಗಿಸಿದ ಆ ಒಂದು ಬ್ಯಾಚಿನ ಗುರುತು ಸಂಖ್ಯೆ) ಯಾವ ಪೀಸಿನ ಮೇಲೂ, ಯಾವ ಪ್ಯಾಕಿಂಗಿನ ಮೇಲೂ ಇರಲಿಲ್ಲ. ಎಲ್ಲಿಯೋ ಯಾರಿಗೋ ಸಿಕ್ಕಿದ ನಿಜವಾದ ಸರ್ಟಿಫಿಕೇಟನ್ನೇ ಎಲ್ಲ ಸರಕಿಗೂ ಹಚ್ಚಿ ಕಳಿಸುವವರಿಗೆ ಕೈ ನಡುಗುವುದಿಲ್ಲ; ಹೀಟ್ ನಂಬರನ್ನು ವಸ್ತುವಿನೊಂದಿಗೆ ತಾಳೆ ನೋಡದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಬ್ಲಾಕ್‌ಗಳ ಕಥೆ ಇನ್ನೂ ಬೇಸರದ್ದು. ಇಂಥ ಬ್ಲಾಕ್‌ಗಳು ಸಾಮಾನ್ಯವಾಗಿ ರಾಕ್‌ವೆಲ್ ಮಾಪಕದಲ್ಲಿ 58ರಿಂದ 62 ಎಚ್‌ಆರ್‌ಸಿ ಗಡಸುತನದಲ್ಲಿರುತ್ತವೆ. ಅಷ್ಟು ಗಡಸಾದ ಉಕ್ಕಿನ ಮೂಲೆಗೆ ಅರ ಇಟ್ಟರೆ ಜಾರಿ ಹೋಗುತ್ತದೆ. ಇವುಗಳ ಮೂಲೆಯಲ್ಲಿ ಅರ ಕಚ್ಚಿ ಪುಡಿ ಉದುರಿತು. ಒಂದು ಜೋಡಿಯನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು, ಎತ್ತರದ ಸಣ್ಣ ವ್ಯತ್ಯಾಸ ತೋರಿಸುವ ಡಯಲ್ ಗೇಜು ಆಡಿಸಿದರೆ ಎರಡರ ಎತ್ತರದ ನಡುವೆ 0.04 ಮಿಲಿಮೀಟರ್ ವ್ಯತ್ಯಾಸ ಬಂತು. ಜೋಡಿಯಾಗಿ ಬಳಸುವುದಕ್ಕೆಂದೇ ಇರುವ ವಸ್ತುವಿನಲ್ಲಿ ಇಷ್ಟು ವ್ಯತ್ಯಾಸವಿದ್ದರೆ ಅದು ಬಾಗಿಲಿಗೆ ಒತ್ತಿಡುವುದಕ್ಕೆ ಮಾತ್ರ ಬರುತ್ತದೆ. ಅವರ ತಪಾಸಣಾ ವರದಿಯಲ್ಲಿ ಮಾತ್ರ ಪ್ರತಿಯೊಂದು ಬ್ಲಾಕ್ 25.400, 50.800, 76.200 ಎಂದೇ ಇತ್ತು. ಒಂದರಲ್ಲೂ ಒಂದು ಮೈಕ್ರಾನ್ (0.001 ಮಿಲಿಮೀಟರ್) ಹೆಚ್ಚುಕಡಿಮೆ ಇಲ್ಲ. ಕೈಯಿಂದ ಅಳೆದವರ ವರದಿ ಹಾಗಿರುವುದಿಲ್ಲ. ಉದ್ದದ ಅಳತೆಗೆ ಪ್ರಮಾಣವೆಂದು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ 10 ಡಿಗ್ರಿ ಏರಿದರೆ 76.2 ಮಿಲಿಮೀಟರಿನ ಉಕ್ಕು ಸುಮಾರು 9 ಮೈಕ್ರಾನ್ ಬೆಳೆಯುತ್ತದೆ. ಉಷ್ಣತೆಯನ್ನಾಗಲಿ, ಬಳಸಿದ ಉಪಕರಣದ ಕ್ಯಾಲಿಬ್ರೇಶನ್ ವಿವರವನ್ನಾಗಲಿ ಬರೆಯದೆ ಮೂರನೆಯ ದಶಾಂಶದವರೆಗೆ ಸಂಖ್ಯೆ ಕೊಡುವ ವರದಿಯನ್ನು ಕಂಡರೆ ಅನುಮಾನಿಸುವುದೇ ಸರಿ.

ಸ್ಲೈಡರಿನ ವಿಷಯದಲ್ಲಿ ಹಣ ಹೋದದ್ದಕ್ಕಿಂತ ಅಪಾಯ ದೊಡ್ಡದು. ಮ್ಯಾಗ್ನೆಟ್‌ಗಳನ್ನು ಗುಳಿಯಲ್ಲಿ ಬರೀ ಅಂಟು ಹಾಕಿ ಕೂರಿಸಿದ್ದರು, ಮೇಲೆ ಮುಚ್ಚುವ ತಟ್ಟೆ ಇರಲಿಲ್ಲ. ನಮ್ಮ ಒಬ್ಬ ಕೆಲಸಗಾರರ ಮನೆಯಲ್ಲಿ ಎರಡು ಮ್ಯಾಗ್ನೆಟ್ ಕಳಚಿ ಬಿದ್ದು ಮಗುವಿನ ಕೈಯಲ್ಲಿ ಸಿಕ್ಕಿದವು. ಅವರ ತಾಯಿ ಕಂಡು ಕಸಿದುಕೊಂಡದ್ದರಿಂದ ಏನೂ ಆಗಲಿಲ್ಲ. ನಿಯೋಡೈಮಿಯಂ ಮ್ಯಾಗ್ನೆಟ್‌ಗಳನ್ನು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುತ್ತುಗಳಿಂದ ಒಂದನ್ನೊಂದು ಸೆಳೆದು, ನಡುವಿನ ಗೋಡೆಯನ್ನು ಒತ್ತಿ ತೂತು ಮಾಡಬಲ್ಲವು. ನುಂಗಿರುವ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಇಂಥವನ್ನು ಮಾರುವವರು ‘ಇದು ದೊಡ್ಡವರಿಗೆ’ ಎನ್ನುತ್ತಾರೆ; ಹಾಗಿದ್ದರೆ ಆ ಮಾತನ್ನಾದರೂ ಡಬ್ಬದ ಮೇಲೆ ಅಚ್ಚು ಹಾಕಬೇಕಿತ್ತು, ಇವರು ಅದನ್ನೂ ಹಾಕಿರಲಿಲ್ಲ. ನಾವು ಹಂಚಿದ ಎಲ್ಲವನ್ನೂ ವಾಪಸ್ ತರಿಸಿಕೊಂಡೆವು.

ದೂರಿಗೆ ಬಂದ ಉತ್ತರ ಮೊದಲು ‘ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ ಸಾರ್’ ಎಂದು. ಸ್ಪೆಕ್ಟ್ರೋ ವರದಿ ಕಳಿಸಿದ ಮೇಲೆ ಪ್ರೊಫಾರ್ಮಾದಲ್ಲಿ ಫಿನಿಶ್ ಎಂದಷ್ಟೇ ಇದೆ ಎಂದು. ಕೊನೆಗೆ ನಿಮ್ಮ ಲೋಗೋ ಕೆತ್ತಿರುವುದರಿಂದ ವಾಪಸ್ ಇಲ್ಲ ಎಂದು. ಅವರು ಕೊಟ್ಟಿದ್ದ ವಿಳಾಸ ಒಂದು ಮನೆಯ ಮೇಲಂತಸ್ತಿನ ಕೋಣೆ. ವಿಡಿಯೋದಲ್ಲಿ ತೋರಿಸುತ್ತಿದ್ದ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್) ಮೆಷಿನ್ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೂಲಿಗೆ ಕೆಲಸ ಮಾಡಿಕೊಡುವ ಬೇರೊಬ್ಬರ ಜಾಬ್ ಶಾಪಿನದು. ಕೆಲಸವನ್ನು ಹೊರಗೆ ಮಾಡಿಸುವುದು ತಪ್ಪಲ್ಲ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಎಷ್ಟೋ ಒಳ್ಳೆಯ ಸಣ್ಣ ತಂಡಗಳು ಹೀಗೇ ನಡೆಯುತ್ತವೆ, ವೈರ್ ಕಟ್ ಒಂದು ಕಡೆ, ಗ್ರೈಂಡಿಂಗ್ ಇನ್ನೊಂದು ಕಡೆ. ಬೇರೆಯವರ ಮೆಷಿನ್ನನ್ನು ತನ್ನದೆಂದು ತೋರಿಸಿ ಹಣ ಪಡೆಯುವುದು ಅಂಥವರೆಲ್ಲರ ಹೆಸರನ್ನೂ ಕೆಡಿಸುತ್ತದೆ ಎಂಬುದು ನನಗೆ ಹೆಚ್ಚು ಸಿಟ್ಟು ತಂದ ಸಂಗತಿ.

ಕಾನೂನಿನ ಕಡೆ ಏನಿದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಂ ಪ್ರಕಾರ, ಮಾದರಿ ತೋರಿಸಿ ಮಾರಿದರೆ ಪೂರ್ತಿ ಸರಕು ಗುಣದಲ್ಲಿ ಮಾದರಿಗೆ ಹೊಂದಿರಬೇಕು, ಹೋಲಿಸಿ ನೋಡಲು ಕೊಳ್ಳುವವರಿಗೆ ಸಾಕಷ್ಟು ಅವಕಾಶವಿರಬೇಕು. 15ನೇ ಕಲಂ ಪ್ರಕಾರ, ಮಾದರಿಯ ಜೊತೆಗೆ ವಿವರಣೆಯನ್ನೂ ಕೊಟ್ಟಿದ್ದರೆ ಎರಡಕ್ಕೂ ಹೊಂದಬೇಕು. ಆದರೆ 42ನೇ ಕಲಂ ಮರೆಯಬಾರದು: ಸರಕನ್ನು ತಿರಸ್ಕರಿಸಿರುವುದಾಗಿ ತಿಳಿಸದೆ ತಕ್ಕ ಕಾಲ ಮೀರಿ ಇಟ್ಟುಕೊಂಡರೆ, ಅಥವಾ ಮಾಲೀಕರಂತೆ ಅದನ್ನು ಹಂಚಿಬಿಟ್ಟರೆ, ಒಪ್ಪಿಕೊಂಡಂತೆ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ. ನಮ್ಮ ಸ್ಲೈಡರುಗಳ ಬಗ್ಗೆ ಈಗ ಅವರ ವಾದ ಅದೇ. ಗ್ರಾಹಕರ ಆಯೋಗದ ವಿಷಯದಲ್ಲೂ ಒಂದು ತೊಡಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡವರಿಗೆ ವಿನಾಯಿತಿ ಇದೆ. ಸ್ವಂತ ಬಳಕೆಗೆ ಒಂದು ಪೀಸು ಕೊಂಡು ಮೋಸಹೋದವರ ದಾರಿ ಇದಕ್ಕಿಂತ ಸುಲಭ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ.

ಹಣ ಕೊಡುವ ಮೊದಲು ಜಿಎಸ್‌ಟಿ ಸಂಖ್ಯೆ ಕೇಳಿ, ಪೋರ್ಟಲಿನಲ್ಲಿ ಹಾಕಿ ನೋಡಿ. ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ; ಆರನೆಯ ಅಕ್ಷರ ‘ಪಿ’ ಇದ್ದರೆ ಅದು ವ್ಯಕ್ತಿಯೊಬ್ಬರದು, ‘ಸಿ’ ಇದ್ದರೆ ಕಂಪನಿಯದು. ನಮಗೆ ಕೊನೆಯವರೆಗೂ ಸಿಕ್ಕಿದ್ದು ಪ್ರೊಫಾರ್ಮಾ ಮಾತ್ರ, ಟ್ಯಾಕ್ಸ್ ಇನ್‌ವಾಯ್ಸ್ ಬರಲೇ ಇಲ್ಲ. ಈಗ ನಾವು ಯಾರಿಗೆ ಆರ್ಡರ್ ಕೊಟ್ಟರೂ ಲೋಹದ ಗ್ರೇಡ್, ಮಾನದಂಡದ ಸಂಖ್ಯೆ, ಗಡಸುತನ ಮತ್ತು ಟಾಲರೆನ್ಸನ್ನು (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ನಮ್ಮ ಪರ್ಚೇಸ್ ಆರ್ಡರಿನಲ್ಲಿ ನಾವೇ ಬರೆಯುತ್ತೇವೆ. ಎರಡು ಮಾದರಿ ತರಿಸಿ, ಎರಡೂ ಕಡೆಯವರ ಸಹಿ ಹಾಕಿದ ಚೀಟಿಯೊಂದಿಗೆ ಒಂದನ್ನು ಸೀಲು ಮಾಡಿ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಬಾಕಿ ಹಣವನ್ನು ಸರಕು ತಪಾಸಣೆಯಾದ ಮೇಲೆ, ಇನ್‌ವಾಯ್ಸಿನಲ್ಲಿರುವ ಹೆಸರಿನ ಖಾತೆಗೆ ಮಾತ್ರ ಹಾಕುತ್ತೇವೆ. ಇದನ್ನು ಕೇಳಿ ಮುಖ ಸಿಂಡರಿಸಿದ ಒಳ್ಳೆಯ ಕೆಲಸಗಾರರನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮ ನೋಟಿಸಿಗೆ ಆ ತಂಡದಿಂದ ಇನ್ನೂ ಲಿಖಿತ ಉತ್ತರ ಬಂದಿಲ್ಲ. ಇದೇ ರೀತಿ ಮಾದರಿಯನ್ನು ವಾಪಸ್ ಕೊಟ್ಟು ಬೇರೆ ಸರಕು ಪಡೆದವರು ಯಾರಾದರೂ ಇದ್ದರೆ ತಮ್ಮ ಮೆಸೇಜುಗಳನ್ನೂ ಕೊರಿಯರಿನ ರಸೀದಿಯನ್ನೂ ಅಳಿಸದೆ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.