ರೆಡ್‌ವುಡ್ ಕಾಡಿನಲ್ಲಿ ಟೆಂಟ್ ಎಲ್ಲಿ ಹಾಕೋದು: ಐದು ಜಾಗ, ಒಂದು ಟಾರ್ಚ್

ಕ್ಯಾಂಪ್‌ಗ್ರೌಂಡಿನ ನಿಜ ಬಣ್ಣ ಗೊತ್ತಾಗುವುದು ರಾತ್ರಿ ಎರಡೂವರೆಗೆ. ಟೆಂಟಿನ ಜಿಪ್ ಎಳೆದು, ಚಪ್ಪಲಿ ತಡಕಾಡಿ, ಟಾರ್ಚ್ ಹಿಡಿದು ಟಾಯ್ಲೆಟ್ಟಿಗೆ ಹೊರಟಾಗ. ಹಗಲಿನ ಫೋಟೋದಲ್ಲಿ ಎಲ್ಲ ಜಾಗವೂ ಚೆಂದವೇ. ತಲೆ ಮೇಲೆ ಏನಿದೆ, ಕಾಲಡಿ ಏನಿದೆ, ಚಳಿ ಎಷ್ಟು, ಪಕ್ಕದಲ್ಲಿ ಯಾರು ಎನ್ನುವುದೆಲ್ಲ ಆ ನೂರು ಹೆಜ್ಜೆಯಲ್ಲಿ ಬಯಲಾಗುತ್ತದೆ. ಈ ಪರೀಕ್ಷೆ ಕಂಡುಹಿಡಿದದ್ದು ನಾನಲ್ಲ, ನನ್ನಮ್ಮ. ಸಾಗರದ ಕಡೆಯ ಹಳ್ಳಿಯಿಂದ ಎರಡು ಬೇಸಿಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಗೆ ಬಂದಿದ್ದಳು. ಸೀರೆಯ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡು, ರಾತ್ರಿ ನನ್ನ ಕೈ ಹಿಡಿದು ಹೊರಟರೆ ವಾಪಸ್ ಬರುವಷ್ಟರಲ್ಲಿ ಆ ಜಾಗಕ್ಕೆ ಮಾರ್ಕ್ಸ್ ಕೊಟ್ಟು ಮುಗಿದಿರುತ್ತಿತ್ತು.

ಮೊದಲಿಗೆ ನಾವು ಮೋಸ ಹೋದ ಕಥೆ. ಮೋಸ ಮಾಡಿದವರು ಯಾರೂ ಇಲ್ಲ, ಓದದೆ ಬುಕ್ ಮಾಡಿದ್ದು ನಾನೇ. ನಾವಿರುವ ಬೇ ಏರಿಯಾಕ್ಕೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಸೀಮೆಗೆ, ಹತ್ತಿರ ಅಂತ ಫೆಲ್ಟನ್ ಊರಿನ ಹೆನ್ರಿ ಕೋವೆಲ್ ರೆಡ್‌ವುಡ್ಸ್ ಪಾರ್ಕಿನಲ್ಲಿ ಟೆಂಟ್ ಹಾಕುವ ಸೈಟ್ ಹಿಡಿದೆ. ಮನೆಯಿಂದ ಒಂದು ಗಂಟೆ ದಾರಿ. ಹೆಸರಲ್ಲೇ ರೆಡ್‌ವುಡ್ ಇದೆ, ಲೋಕದಲ್ಲೇ ಅತಿ ಎತ್ತರ ಬೆಳೆಯುವ ಮರ, ಇನ್ನೇನು ಬೇಕು? ಹೋಗಿ ನೋಡಿದರೆ ನೆಲವೆಲ್ಲ ಮರಳು, ಸುತ್ತ ಪಾಂಡರೋಸಾ ಪೈನ್ ಮತ್ತು ಕುರುಚಲು. ಹಳೆಯ ಸಮುದ್ರತಳದ ಮರಳು ಮೇಲೆದ್ದು ಆದ ದಿಬ್ಬ ಅದು. ರೆಡ್‌ವುಡ್‌ಗೆ ಬೇಕಾದ ತೇವ ಅಲ್ಲಿ ನಿಲ್ಲುವುದಿಲ್ಲ. ದೊಡ್ಡ ಮರಗಳ ತೋಪು ಇರುವುದು ಕೆಳಗೆ, ಪಾರ್ಕಿನ ಇನ್ನೊಂದು ಬಾಗಿಲ ಬಳಿ; ಕಾರು ತೆಗೆದುಕೊಂಡೇ ಹೋಗಬೇಕು. ಆ ತೋಪು ಸುಳ್ಳಲ್ಲ. ಮುಕ್ಕಾಲು ಮೈಲಿಗೆ ಸ್ವಲ್ಪ ಹೆಚ್ಚಿನ ಸಪಾಟು ಸುತ್ತು, ಒಳಗೆ ಟೊಳ್ಳಾಗಿ ಏಳೆಂಟು ಜನ ನಿಲ್ಲಬಹುದಾದ ಫ್ರೀಮಾಂಟ್ ಮರ. ಆದರೆ ರಾತ್ರಿ ಟಾರ್ಚ್ ಮೇಲೆತ್ತಿದರೆ ಕಂಡದ್ದು ನಕ್ಷತ್ರ. ನಕ್ಷತ್ರಕ್ಕೆ ಬೈಯಬಾರದು, ಆದರೆ ನಾನು ಬಂದದ್ದು ಅದಕ್ಕಲ್ಲ.

ಅಲ್ಲಿಂದ ಮೇಲೆ ನನ್ನ ಲೆಕ್ಕ ಒಂದೇ ಆಯಿತು: ಕಾಡು ಎಷ್ಟು ಹತ್ತಿರ ಅಂತಲ್ಲ, ಟೆಂಟ್ ಯಾವ ಮರದ ಕೆಳಗೆ? ಯಾಕೆಂದರೆ ಮೊದಲಿದ್ದ ಹಳೆಯ ರೆಡ್‌ವುಡ್ ಕಾಡಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದು ಭಾಗದಷ್ಟು. ಮಿಕ್ಕಿದ್ದೆಲ್ಲ ಒಮ್ಮೆ ಕಡಿದು, ಬುಡದಿಂದ ಮತ್ತೆ ಚಿಗುರಿದ ಕಾಡು. ಅದೂ ಹಸಿರೇ, ಅದೂ ಎತ್ತರವೇ. ಆದರೆ ಸಾವಿರ ವರ್ಷದ ಮರದ ಬುಡದಲ್ಲಿ ಮಲಗುವುದಕ್ಕೂ ನೂರು ವರ್ಷದ್ದರ ಬುಡದಲ್ಲಿ ಮಲಗುವುದಕ್ಕೂ ವ್ಯತ್ಯಾಸವಿದೆ. ಬೇ ಏರಿಯಾದವರು ಮೊದಲು ಕೇಳುವ ಮ್ಯೂರ್ ವುಡ್ಸ್ ಎಂಬ ರೆಡ್‌ವುಡ್ ಕಾಡಿನಲ್ಲಿ ಕ್ಯಾಂಪಿಂಗೇ ಇಲ್ಲ. 1902ರಲ್ಲೇ ಶುರುವಾದ ಬಿಗ್ ಬೇಸಿನ್ ಪಾರ್ಕು 2020ರ ಆಗಸ್ಟ್‌ನ ಬೆಂಕಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಸುಟ್ಟಿತು. ಮರಗಳು ಬಹುಪಾಲು ಬದುಕಿವೆ, ಕಪ್ಪು ಕಾಂಡಕ್ಕೆ ಹಸಿರು ಕುಚ್ಚು ಕಟ್ಟಿದ ಹಾಗೆ ಚಿಗುರಿವೆ. ನಾವು ಹೋದಾಗ ಅಲ್ಲಿ ಟೆಂಟ್ ಹಾಕುವಂತಿರಲಿಲ್ಲ, ನೋಡಿ ಬಂದದ್ದು ಹಗಲಿನಲ್ಲಿ ಮಾತ್ರ. ಹಾಗಾಗಿ ಉತ್ತರಕ್ಕೇ ಹೋಗಬೇಕು.

ಉತ್ತರದಲ್ಲಿ ಮೊದಲು ಸಿಗುವುದು ಹಂಬೋಲ್ಟ್ ರೆಡ್‌ವುಡ್ಸ್. ಸನ್ನಿವೇಲ್‌ನಿಂದ ಐದು ಗಂಟೆ ಚಿಲ್ಲರೆ. ಅಲ್ಲಿನ ಬರ್ಲಿಂಗ್ಟನ್ ಕ್ಯಾಂಪ್‌ಗ್ರೌಂಡ್ ಇರುವುದು ಅವೆನ್ಯೂ ಆಫ್ ದ ಜಯಂಟ್ಸ್ ರಸ್ತೆಯ ಪಕ್ಕದಲ್ಲೇ, ವಿಸಿಟರ್ ಸೆಂಟರಿಗೆ ಅಂಟಿಕೊಂಡು. ವರ್ಷವಿಡೀ ತೆರೆದಿರುತ್ತದೆ. ನೆಲ ಸಪಾಟು, ಟಾಯ್ಲೆಟ್ ಹತ್ತಿರ. ಅಮ್ಮನ ಮೊದಲ ಕ್ಯಾಂಪಿಂಗ್ ಅಲ್ಲೇ ಆದದ್ದು ಒಳ್ಳೆಯದಾಯಿತು. ಆದರೆ ಟೆಂಟುಗಳ ನಡುವೆ ನಿಂತಿರುವುದು ಹಳೆಯ ಮರಗಳಲ್ಲ, ಹಳೆಯ ಬುಡಗಳು. ಕಡಿದು ಬಿಟ್ಟ ಒಂದೊಂದು ಬುಡವೂ ನಮ್ಮೂರಿನ ಹಗೇವಿನ ಬಾಯಿಗಿಂತ ಅಗಲ. ಅದರ ಸುತ್ತ ಉಂಗುರದಂತೆ ಎದ್ದ ಮರಿಮರಗಳು. ಅಮ್ಮ ಒಂದು ಬುಡದ ಮೇಲೆ ಕೈಯಿಟ್ಟು, "ಅಯ್ಯೋ, ಬಾಳೆ ಕಂದು ಎದ್ದ ಹಾಗೇ ಎದ್ದಿದಾವಲ್ಲೇ" ಅಂದಳು. ಅಷ್ಟು ಸರಿಯಾದ ವಿವರಣೆ ಅಲ್ಲಿನ ಯಾವ ಫಲಕದಲ್ಲೂ ನಾನು ಓದಲಿಲ್ಲ.

ಬರ್ಲಿಂಗ್ಟನ್‌ನ ಲಾಭವೆಂದರೆ ಸುತ್ತಲಿನದು. ಹತ್ತಿರದ ಫೌಂಡರ್ಸ್ ಗ್ರೋವ್‌ನಲ್ಲಿ ಡೈಯರ್ವಿಲ್ ಜಯಂಟ್ ಮಲಗಿದೆ. 1991ರ ಮಾರ್ಚ್‌ನಲ್ಲಿ ಉರುಳಿದ, ಸುಮಾರು 110 ಮೀಟರ್ ಉದ್ದದ ಮರ. ಅದರ ಬೇರಿನ ತಟ್ಟೆಯ ಮುಂದೆ ನಿಂತರೆ ಈ ಮರಗಳ ಗುಟ್ಟು ಕಾಣುತ್ತದೆ: ತಾಯಿಬೇರು ಅಂತ ಇಲ್ಲವೇ ಇಲ್ಲ. ಹತ್ತು ಹನ್ನೆರಡು ಅಡಿ ಆಳಕ್ಕಷ್ಟೇ ಇಳಿದು, ಅಕ್ಕಪಕ್ಕಕ್ಕೆ ನೂರು ಅಡಿಯವರೆಗೂ ಹರಡಿ ಒಂದರ ಬೇರು ಇನ್ನೊಂದರಲ್ಲಿ ಹೆಣೆದುಕೊಂಡು ನಿಲ್ಲುತ್ತವೆ. ಕಾರಿನಲ್ಲಿ ಇನ್ನೂ ಸ್ವಲ್ಪ ಒಳಗೆ ಹೋದರೆ ರಾಕ್‌ಫೆಲರ್ ಫಾರೆಸ್ಟ್, ಒಂದೇ ಕಡೆ ಉಳಿದಿರುವ ಹಳೆಯ ರೆಡ್‌ವುಡ್ ಕಾಡುಗಳಲ್ಲಿ ಅತಿ ದೊಡ್ಡದು. ಹಗಲಿಗೆ ಇದನ್ನು ಮೀರಿಸುವ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ. ರಾತ್ರಿಗೆ ಮಾತ್ರ ಹಾಗಲ್ಲ. ಟಾಯ್ಲೆಟ್ಟಿಗೆ ಹೋಗುವಾಗ ಒಂದು ಲಾರಿಯ ಸದ್ದು ಕೇಳಿತು, ಆಚೆ ಹೈವೇ ಇದೆ. ಒಳನಾಡಾದ್ದರಿಂದ ಜುಲೈ ಮಧ್ಯಾಹ್ನ ಬಿಸಿಲು ಚುರುಕು. ಈಲ್ ನದಿಗೆ ಇಳಿಯೋಣವೆಂದರೆ ಬೇಸಿಗೆ ಬಲಿತ ಮೇಲೆ ಪಾಚಿಯ ಎಚ್ಚರಿಕೆ ಫಲಕ ಇರುತ್ತದೆ, ಓದಿಯೇ ಇಳಿಯಿರಿ.

ಇನ್ನೆರಡು ಗಂಟೆ ಉತ್ತರಕ್ಕೆ ಹೋದರೆ ಪ್ರೇರಿ ಕ್ರೀಕ್. ಇಲ್ಲಿ ನಿಜವಾದ ಪೈಪೋಟಿ ಶುರು, ಯಾಕೆಂದರೆ ಒಂದೇ ಪಾರ್ಕಿನಲ್ಲಿ ಎರಡು ಕ್ಯಾಂಪ್‌ಗ್ರೌಂಡ್: ಕಾಡಿನ ಅಂಚಿನ ಎಲ್ಕ್ ಪ್ರೇರಿ, ಕಡಲ ಅಂಚಿನ ಗೋಲ್ಡ್ ಬ್ಲಫ್ಸ್ ಬೀಚ್. (ಹೊರಗಿನವರಿಗೆ ಒಂದು ಗೊಂದಲವಾಗುತ್ತದೆ: ರೆಡ್‌ವುಡ್ ನ್ಯಾಷನಲ್ ಪಾರ್ಕ್ ಅಂತ ಹುಡುಕಿದರೂ ಕಾರಿನಲ್ಲಿ ಹೋಗಿ ಟೆಂಟ್ ಹಾಕುವ ಜಾಗಗಳೆಲ್ಲ ಇರುವುದು ಜೊತೆಗೇ ಸೇರಿಕೊಂಡಿರುವ ಸ್ಟೇಟ್ ಪಾರ್ಕುಗಳಲ್ಲಿ. ಬುಕಿಂಗೂ ಆ ಸ್ಟೇಟ್ ಪಾರ್ಕುಗಳ ವೆಬ್‌ಸೈಟಾದ ರಿಸರ್ವ್‌ಕ್ಯಾಲಿಫೋರ್ನಿಯಾದಲ್ಲಿ.)

ಎರಡರಲ್ಲೂ ಎರಡೆರಡು ರಾತ್ರಿ ಕಳೆದೆವು. ಮೊದಲು ಗೋಲ್ಡ್ ಬ್ಲಫ್ಸ್. ಡೇವಿಸನ್ ರೋಡ್ ಮಣ್ಣಿನ ದಾರಿ, ಗುಂಡಿ, ಇಕ್ಕಟ್ಟು. ಟ್ರೈಲರ್ ಬಿಡುವುದೇ ಇಲ್ಲ. ಇಪ್ಪತ್ತಾರು ಸೈಟು ಅಷ್ಟೇ. ಒಂದು ಕಡೆ ಹಳದಿ ಮಣ್ಣಿನ ಗೋಡೆಯಂಥ ದಿಬ್ಬ, ಅದರ ನೆತ್ತಿಯ ಮೇಲೆ ಕಾಡು. ಇನ್ನೊಂದು ಕಡೆ ಶಾಂತಸಾಗರ. 1850ರ ದಶಕದಲ್ಲಿ ಈ ಮರಳಿನಲ್ಲಿ ಚಿನ್ನದ ಪುಡಿ ಹುಡುಕಿದ್ದರಂತೆ. ನನ್ನ ಮಗ ಅರ್ಧ ದಿನ ಅದೇ ಕೆಲಸ ಮಾಡಿದ, ಸಿಕ್ಕಿದ್ದು ಸಾಕ್ಸ್ ತುಂಬ ಮರಳು. ನನಗೆ ಸಿಕ್ಕಿದ್ದು ಗಾಳಿ. ಮರಳಿನಲ್ಲಿ ಗೂಟ ನಿಲ್ಲಲಿಲ್ಲ. ಕೊನೆಗೆ ನಾಲ್ಕು ಅಕ್ಕಿ ಚೀಲಗಳಿಗೆ ಮರಳು ತುಂಬಿಸಿ ಟೆಂಟಿನ ನಾಲ್ಕು ಮೂಲೆಗೆ ಕಟ್ಟಿದೆವು. ಇಂಥ ಕಡೆಗೆ ಅಂತ ಸೋನಾ ಮಸೂರಿಯ ಖಾಲಿ ಚೀಲ ಈಗ ಕಾರಿನ ಡಿಕ್ಕಿಯಲ್ಲೇ ಇರುತ್ತವೆ. ಸ್ಟವ್ ಹಚ್ಚಿ ಕಾಫಿಗೆ ಹಾಲು ಕಾಯಿಸುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ರಾತ್ರಿ ಟಾಯ್ಲೆಟ್ ನಡಿಗೆಯಲ್ಲಿ ಟಾರ್ಚ್ ಬೇಕಾಗಲಿಲ್ಲ, ಅಲೆಯ ನೊರೆಯ ಬಿಳುಪೇ ಸಾಕು. ಅಮ್ಮ ಮಾತ್ರ, "ಮುರ್ಡೇಶ್ವರ ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು.

ಅವಳ ಮಾತಿನಲ್ಲಿ ಹುರುಳಿದೆ. ಇಲ್ಲಿ ಮಲಗಿದರೆ ರೆಡ್‌ವುಡ್ ಕಾಣುವುದಿಲ್ಲ. ಕಾಣುವುದು ಫರ್ನ್ ಕ್ಯಾನಿಯನ್; ಕ್ಯಾಂಪ್‌ನಿಂದ ನಡೆದೇ ಹೋಗಬಹುದು. ಐವತ್ತು ಅಡಿ ಎತ್ತರದ ಎರಡು ಗೋಡೆ, ಮೇಲಿಂದ ಕೆಳಗಿನವರೆಗೂ ಜರಿಗಿಡ, ನಡುವೆ ತೊರೆಯಲ್ಲಿ ಕಾಲಿಟ್ಟುಕೊಂಡು ನಡಿಗೆ. ಮಲೆನಾಡಿನವರಿಗೆ ತೊರೆಯ ನೀರು ಹೊಸದಲ್ಲ, ಆದರೆ ಈ ಗೋಡೆ ಹೊಸದೇ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಹಗಲಿಗೆ ಬರುವ ಕಾರುಗಳಿಗೆ ಪರ್ಮಿಟ್ ಬೇಕು. ಇಲ್ಲಿ ಕ್ಯಾಂಪ್ ಮಾಡಿದವರಿಗೆ ಬೇಡ. ಬೆಳಿಗ್ಗೆ ಏಳಕ್ಕೆ ನಾವು ಒಳಗಿದ್ದಾಗ ಇನ್ನೊಬ್ಬ ಮನುಷ್ಯ ಇರಲಿಲ್ಲ. ಗೋಲ್ಡ್ ಬ್ಲಫ್ಸ್‌ನ ಪರವಾಗಿ ಇದೊಂದೇ ವಾದ ಸಾಕು, ಬೇರೆ ಬೇಡ.

ಎಲ್ಕ್ ಪ್ರೇರಿ ಇದಕ್ಕೆ ತದ್ವಿರುದ್ಧ. ಎಪ್ಪತ್ತೈದು ಸೈಟು, ವರ್ಷವಿಡೀ ತೆರೆದಿರುತ್ತದೆ, ಟಾರ್ ರಸ್ತೆ. ಒಂದು ಬದಿ ದೊಡ್ಡ ಹುಲ್ಲುಗಾವಲು, ಇನ್ನೊಂದು ಬದಿ ಕಾಡು. ಹುಲ್ಲಿನಲ್ಲಿ ರೂಸ್‌ವೆಲ್ಟ್ ಎಲ್ಕ್ ಹಿಂಡು. ನಮ್ಮ ಕಡವೆಯನ್ನು ಇನ್ನಷ್ಟು ದಪ್ಪ ಮಾಡಿ, ಕುತ್ತಿಗೆಗೆ ಕಂದು ಮಫ್ಲರ್ ಸುತ್ತಿದ ಹಾಗೆ. ಎಪ್ಪತ್ತೈದು ಅಡಿ ದೂರ ಇರಿ ಅನ್ನುತ್ತಾರೆ, ಆದರೆ ಎಲ್ಕ್‌ಗೆ ಅದನ್ನು ಯಾರೂ ಹೇಳಿದಂತಿಲ್ಲ. ರಾತ್ರಿ ನಾವಿಬ್ಬರೂ ಟಾಯ್ಲೆಟ್‌ನಿಂದ ಬರುವಾಗ ದಾರಿಗಡ್ಡ ಒಂದು ನಿಂತಿತ್ತು. ಕಣ್ಣು ಎರಡು ಹಸಿರು ಚುಕ್ಕೆ. ಅಮ್ಮ "ಹೈ ಹೈ" ಅನ್ನುವುದಕ್ಕೆ ಬಾಯಿ ತೆರೆದಿದ್ದಳು, ಕೈ ಒತ್ತಿ ಸುಮ್ಮನಾಗಿಸಿದೆ. ಕಾಲು ಗಂಟೆ ನಿಂತೇ ಇದ್ದೆವು, ಅದು ಮೇಯುತ್ತಾ ಹೋಯಿತು.

ಇಲ್ಲೇ ನಾನು ಮಾಡಿದ ಎರಡನೇ ತಪ್ಪು. ಹವಾಮಾನ ನೋಡಿದರೆ ಮಳೆ ಸೊನ್ನೆ. ನಕ್ಷತ್ರ ಕಾಣಲಿ ಅಂತ ಟೆಂಟಿನ ಮೇಲ್ಹೊದಿಕೆ ಹಾಕಲಿಲ್ಲ. ಬೆಳಗಿನ ಜಾವ ತಟ್ ತಟ್ ಸದ್ದು. ಕಡಲಿನಿಂದ ಬಂದ ಮಂಜು ನೂರಾರು ಅಡಿ ಮೇಲೆ ಸೂಜಿ ಎಲೆಗಳಿಗೆ ಸಿಕ್ಕಿಕೊಂಡು, ಹನಿಗೂಡಿ, ನೇರ ನಮ್ಮ ಮೇಲೆ. ಈ ಮರಗಳು ಬೇಸಿಗೆ ಕಳೆಯುವುದೇ ಹೀಗೆ. ಇಲ್ಲಿ ಮಳೆಗಾಲ ಅಂದರೆ ಚಳಿಗಾಲ. ಬೇಸಿಗೆಯಲ್ಲಿ ನೀರೆಂದರೆ ಮಂಜು. ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಮೂರನೇ ಒಂದು ಪಾಲಿನಷ್ಟು ಹೀಗೆ ತೊಟ್ಟಿಕ್ಕಿ ಬರುತ್ತದೆಂದು ಅಳೆದಿದ್ದಾರೆ. ಆ ಪಾಲಿನಲ್ಲಿ ಒಂದಿಷ್ಟು ನನ್ನ ಸ್ಲೀಪಿಂಗ್ ಬ್ಯಾಗಿಗೂ ಬಂತು. ಅಮ್ಮ ಎದ್ದು ಕೂತು ಕೇಳಿದ್ದು: "ಇಷ್ಟು ಒದ್ದೆ ಇದ್ದೂ ಉಂಬಳ ಇಲ್ವನೇ?" ಉಂಬಳ ಇಲ್ಲ. ಇರುವುದು ಬಾಳೆಹಣ್ಣಿನ ಬಣ್ಣದ ಗೇಣುದ್ದದ ಗೊಂಡೆಹುಳು, ಅದು ಯಾರ ರಕ್ತವನ್ನೂ ಕೇಳುವುದಿಲ್ಲ.

ಎರಡರಲ್ಲಿ ಒಂದು ಆರಿಸು ಅಂದರೆ ಎಲ್ಕ್ ಪ್ರೇರಿ. ಕಾರಣ ಎಲ್ಕ್ ಅಲ್ಲ, ಜೇಮ್ಸ್ ಅರ್ವಿನ್ ಟ್ರೈಲ್. ಕ್ಯಾಂಪಿನ ಬಳಿಯಿಂದ ಹೊರಟು ನಾಲ್ಕೂವರೆ ಮೈಲಿ ಹಳೆಯ ಕಾಡಿನೊಳಗೇ ನಡೆದು ಫರ್ನ್ ಕ್ಯಾನಿಯನ್‌ಗೆ, ಅಲ್ಲಿಂದ ಕಡಲಿಗೆ. ಎಲ್ಕ್ ಪ್ರೇರಿಯಲ್ಲಿ ಇದ್ದವರಿಗೆ ಎರಡೂ ಸಿಕ್ಕಿತು. ಅಮ್ಮ, ಮಗ ಬರಲಿಲ್ಲ. ಗಂಡ ಅವರನ್ನು ಹತ್ತಿರದ ಊರು ಓರಿಕ್‌ಗೆ ಕರೆದುಕೊಂಡು ಹೋದ. ನಾನೊಬ್ಬಳೇ ನಡೆದೆ. ಆ ಒಂಬತ್ತು ಮೈಲಿಯ ಬಗ್ಗೆ ಬೇರೆಯೇ ಬರೆಯಬೇಕು.

ಕೊನೆಗೆ ಜೆಡಿಡಯಾ ಸ್ಮಿತ್. ಕ್ರೆಸೆಂಟ್ ಸಿಟಿ ದಾಟಿ ಒಳಕ್ಕೆ, ಆರೆಗನ್ ಗಡಿ ಹತ್ತಿರ. (ದಾರಿಯಲ್ಲಿ ಮಿಲ್ ಕ್ರೀಕ್ ಅಂತ ಇನ್ನೊಂದಿದೆ. ನೂರಕ್ಕೂ ಹೆಚ್ಚು ಸೈಟು, ಬೇಸಿಗೆಯಲ್ಲಿ ಮಾತ್ರ, ಮರಿಕಾಡು. ಬೇರೆ ಎಲ್ಲೂ ಸಿಗದಿದ್ದರೆ ನೋಡಿ.) ಜೆಡ್ ಸ್ಮಿತ್‌ನಲ್ಲಿ ಕಾರು ನಿಲ್ಲಿಸಿ ಇಳಿದ ತಕ್ಷಣ ನಾವು ಮಾತು ನಿಲ್ಲಿಸಿದೆವು. ಸೈಟುಗಳನ್ನು ಮರಗಳ ನಡುವೆ ಸಿಕ್ಕ ಜಾಗದಲ್ಲಿ ತುರುಕಿದ್ದಾರೆ. ನಮಗೂ ಪಕ್ಕದ ಟೆಂಟಿಗೂ ನಡುವಿನ ಗೋಡೆ ಒಂದು ಕಾಂಡ. ತೊಗಟೆಯ ಸೀಳಿನೊಳಗೆ ನನ್ನ ಕೈ ಮಣಿಕಟ್ಟಿನವರೆಗೂ ಇಳಿಯಿತು. ಒಳಗೆ ತೆಂಗಿನ ನಾರಿನಷ್ಟೇ ಒಣ, ಹೊರಗೆ ಪಾಚಿ. ಮರ ಇಷ್ಟು ದೊಡ್ಡದು, ಕಾಯಿ ನೆಲ್ಲಿಕಾಯಿಗಿಂತ ಚಿಕ್ಕದು. ಅಮ್ಮ ಒಂದು ಆರಿಸಿ ಸೊಂಟಕ್ಕೆ ಸಿಕ್ಕಿಸಿದಳು. "ಅಮ್ಮಮ್ಮ, ಇಲ್ಲಿಂದ ಏನೂ ತಗೊಂಡು ಹೋಗಬಾರದು" ಅಂತ ಮಗ ಹೇಳಿದ. ತೆಗೆದು ಅದೇ ಬುಡದಲ್ಲಿ ಇಟ್ಟಳು, ಹೂ ಇಡುವ ಹಾಗೆ.

ನದಿ ಹತ್ತೇ ನಿಮಿಷ. ಸ್ಮಿತ್ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ನೀರು ಪಚ್ಚೆ ಬಣ್ಣ, ಕಲ್ಲು ಲೆಕ್ಕ ಹಾಕಬಹುದು, ಎರಡು ನಿಮಿಷಕ್ಕೆ ಕಾಲು ಮರಗಟ್ಟುತ್ತದೆ. ಬೇಸಿಗೆಯಲ್ಲಿ ಕಾಲುಸಂಕ ಹಾಕಿರುತ್ತಾರೆ, ದಾಟಿದರೆ ಸ್ಟೌಟ್ ಗ್ರೋವ್ ಎಂಬ ಹಳೆಯ ಮರಗಳ ತೋಪು. ಗೋಲ್ಡ್ ಬ್ಲಫ್ಸ್‌ನ ಗಾಳಿ ಇಲ್ಲ, ಎಲ್ಕ್ ಪ್ರೇರಿಯಷ್ಟು ಮಂಜಿಲ್ಲ, ಬರ್ಲಿಂಗ್ಟನ್‌ನಷ್ಟು ಸೆಖೆ ಇಲ್ಲ.

ಕೊರತೆ ಇಲ್ಲವೆಂದಲ್ಲ. ಮರ ಇಷ್ಟು ದಟ್ಟವಾದರೆ ಬಿಸಿಲು ಬರುವುದಿಲ್ಲ. ಒದ್ದೆ ಟವೆಲ್ ಮೂರು ದಿನವೂ ಒದ್ದೆಯೇ. ದೂರವೂ ಹೆಚ್ಚು, ಒಂದೇ ದಿನದಲ್ಲಿ ಹೋಗುವುದಾದರೆ ಬೆನ್ನು ಮುರಿಯುತ್ತದೆ. ಮತ್ತೆ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ. ಮೇಜಿನ ಮೇಲಿನ ಚಪಾತಿಯನ್ನು ಉಪ್ಪಿನಕಾಯಿ ಸಮೇತ ಎತ್ತಿಕೊಂಡು ಹೋಯಿತು. ನಾವು ನಕ್ಕೆವು; ನಗಬಾರದಿತ್ತು. ಕ್ಯಾಂಪಿನ ತುಣುಕು ತಿಂದು ಈ ಹಕ್ಕಿ ಹೆಚ್ಚಿದಷ್ಟೂ ಮರ್ಬಲ್ಡ್ ಮರ್ಲೆಟ್ ಎಂಬ ಕಡಲಹಕ್ಕಿಗೆ ಕುತ್ತು. ಅದು ಗೂಡು ಕಟ್ಟುವುದಿಲ್ಲ, ಹಳೆಯ ಮರಗಳ ಪಾಚಿ ತುಂಬಿದ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ, ಜೇ ಅದನ್ನು ಕುಕ್ಕಿ ತಿನ್ನುತ್ತದೆ. ಅದಕ್ಕೇ ಈ ಪಾರ್ಕುಗಳಲ್ಲೆಲ್ಲ ಒಂದು ತುಣುಕೂ ಬೀಳಿಸಬೇಡಿ ಎಂಬ ಫಲಕ. ಚಿತ್ರಾನ್ನ, ಅವಲಕ್ಕಿ, ಮಂಡಕ್ಕಿ ಒಯ್ಯುವ ನಮ್ಮವರಿಗೆ ಇದು ಕಷ್ಟದ ನಿಯಮ. ನಾನೀಗ ಒಯ್ಯುವುದು ಇಡ್ಲಿ ಮತ್ತು ಮುದ್ದೆಯಾಗಿ ಕಲಸಿದ ಮೊಸರನ್ನ.

ರಾತ್ರಿ ಎರಡೂವರೆಗೆ ಅಲ್ಲಿ ಟಾರ್ಚ್ ಮೇಲೆತ್ತಿದೆ. ಬೆಳಕು ಕಾಂಡದ ಮೇಲೆ ಹತ್ತಿ ಹತ್ತಿ, ಮೊದಲ ಕೊಂಬೆ ಸಿಗುವ ಮೊದಲೇ ಮುಗಿದುಹೋಯಿತು. "ಟಾರ್ಚ್ ಆರಿಸು" ಅಂದಳು ಅಮ್ಮ. ಆರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆವು. ಸದ್ದೇ ಇಲ್ಲ. "ನಮ್ಮ ಕಾನಿನಲ್ಲಿ ಹುಳವಾದರೂ ಕೂಗ್ತಾವೆ" ಅಂದಳು ಮೆತ್ತಗೆ. ಮಾರ್ಕ್ಸ್ ಕೊಡಲಿಲ್ಲ.

ನನ್ನ ಸಾಲು ಹೀಗೆ: ಮರಕ್ಕಾಗಿ ಜೆಡ್ ಸ್ಮಿತ್, ನಡೆಯುವವರಿಗೆ ಎಲ್ಕ್ ಪ್ರೇರಿ, ದೊಡ್ಡವರು ಇದ್ದು ವಾರಾಂತ್ಯವಷ್ಟೇ ಇದ್ದರೆ ಬರ್ಲಿಂಗ್ಟನ್. ಗೋಲ್ಡ್ ಬ್ಲಫ್ಸ್ ಒಂದು ರಾತ್ರಿ ಸಾಕು. ಟೆಂಟ್ ಕಟ್ಟುವುದು ಕಲಿಯಬೇಕಾದವರಿಗೆ ಹೆನ್ರಿ ಕೋವೆಲ್. ಮರೆತ ಸಾಮಾನು ತರಲು ಮನೆ ಹತ್ತಿರ. ನಾವು ಹೋದಾಗ ಉತ್ತರದ ಸೈಟುಗಳಿಗೆ ರಾತ್ರಿಗೆ 35 ಡಾಲರ್. ಬುಕಿಂಗ್ ಆರು ತಿಂಗಳು ಮೊದಲು, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಎಂಟೂ ಐದಕ್ಕೆ ನೋಡಿದರೆ ಬೇಸಿಗೆಯ ಶನಿವಾರಗಳು ಹೋಗಿರುತ್ತವೆ. ಸೌದೆ ಮನೆಯಿಂದ ಒಯ್ಯಬೇಡಿ, ಮರದ ರೋಗ ಅದರ ಜೊತೆ ಸಾಗುತ್ತದೆ; ಬಿದ್ದ ಕಡ್ಡಿಯನ್ನೂ ಆಯುವಂತಿಲ್ಲ, ಅಲ್ಲೇ ಕಟ್ಟು ಮಾರುತ್ತಾರೆ.

ಈ ಜೂನ್‌ಗೆ ಅಮ್ಮ ಮತ್ತೆ ಬರುತ್ತಿದ್ದಾಳೆ. ಡಿಸೆಂಬರ್‌ನಲ್ಲೇ ಎಂಟು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಜೆಡ್ ಸ್ಮಿತ್‌ನಲ್ಲಿ ಮೂರು ರಾತ್ರಿ ಹಿಡಿದೆ. ಫೋನ್ ಮಾಡಿ ಹೇಳಿದರೆ ಅವಳು ಕೇಳಿದ್ದು ಬಚ್ಚಲು ಎಷ್ಟು ದೂರ ಅಂತ. ನಕ್ಷೆ ತೆಗೆದು ಅಂದಾಜು ಮಾಡಿ ಹೇಳಿದೆ: ಅರವತ್ತು ಹೆಜ್ಜೆ, ನಡುವೆ ಎರಡು ಮರ.