ಮೂರು ಕ್ಯಾರೆಟ್‌ನ ಮೂರು ಎಮರಾಲ್ಡ್ ಕಟ್ ವಜ್ರಗಳು: ಕಿಟಕಿಯ ಬೆಳಕಿನಲ್ಲಿ ಕಂಡಿದ್ದು

ಅಕ್ಕನ ಮಗಳ ನಿಶ್ಚಿತಾರ್ಥದ ಉಂಗುರಕ್ಕೆಂದು ಕಳೆದ ತಿಂಗಳು ಬೆಂಗಳೂರಿನ ಜಯನಗರದ ಆಭರಣದಂಗಡಿಯೊಂದರಲ್ಲಿ ಮೂರು ಬಿಡಿ ವಜ್ರಗಳನ್ನು ನೋಡಿದೆವು. ಮೂರೂ ಲ್ಯಾಬ್‌ನಲ್ಲಿ ಬೆಳೆಸಿದವು. ಮೂರೂ ಸೂರತ್‌ನಿಂದ ಬಂದ ಎಮರಾಲ್ಡ್ ಕಟ್, ಅಂದರೆ ಮೂಲೆಗಳನ್ನು ಓರೆಯಾಗಿ ಕತ್ತರಿಸಿದ ಆಯತಾಕಾರದ ಹರಳುಗಳು. ಮೂರೂ ಮೂರು ಕ್ಯಾರೆಟ್‌ಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ತೂಗುತ್ತಿರಲಿಲ್ಲ. ಬಣ್ಣ ಎಫ್ (ಬಣ್ಣವಿಲ್ಲದ ದರ್ಜೆ), ಸ್ವಚ್ಛತೆ ವಿಎಸ್ 1 (ಒಳಗೆ ತೀರ ಸಣ್ಣ ಚುಕ್ಕೆಗಳಷ್ಟೇ) ಎಂದು ಮೂರರ ದರ್ಜೆ ಪತ್ರಗಳೂ ಒಂದೇ ಮಾತು ಹೇಳುತ್ತಿದ್ದವು. ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಕಪ್ಪು ಟ್ರೇಯಲ್ಲಿ ಅಕ್ಕಪಕ್ಕ ಇಟ್ಟಾಗ ಮೂರೂ ಒಂದೇ ಜಾತಿಯ ಕಲ್ಲುಗಳೆಂದು ನಂಬುವುದೇ ಕಷ್ಟವಾಯಿತು. ಹಾಗಾಗಲು ಕಾರಣ ಕತ್ತರಿಸಿದ ಅಳತೆ.

ದುಂಡನೆಯ ಬ್ರಿಲಿಯಂಟ್ ಕಟ್‌ನಲ್ಲಿ ಐವತ್ತೇಳೋ ಐವತ್ತೆಂಟೋ ಚಿಕ್ಕ ಮುಖಗಳು ಬೆಳಕನ್ನು ಪುಡಿ ಪುಡಿ ಮಾಡಿ ಎರಚುವುದರಿಂದ ಸಣ್ಣಪುಟ್ಟ ದೋಷ ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಎಮರಾಲ್ಡ್‌ನಂಥ ಸ್ಟೆಪ್ ಕಟ್‌ನಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಹರಳಿನಲ್ಲಿ, ಅಂಥ ಗದ್ದಲವಿಲ್ಲ. ಹರಳಿನ ಅಂಚಿಗೆ ಸಮಾನಾಂತರವಾಗಿ ಮೇಲೆ ಸಾಮಾನ್ಯವಾಗಿ ಮೂರು ಸಾಲು, ಕೆಳಗೆ ಮೂರು ಸಾಲು ಉದ್ದನೆಯ ಪಟ್ಟಿಗಳಿರುತ್ತವೆ. ಹಂಪಿಯ ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲುಗೊಳವನ್ನು ದಡದಲ್ಲಿ ನಿಂತು ನೋಡಿದವರಿಗೆ ಈ ವಿನ್ಯಾಸವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಲ್ಲು ದೊಡ್ಡದಾದಂತೆ ಈ ಪಟ್ಟಿಗಳೂ ಅಗಲವಾಗುತ್ತವೆ. ಅರ್ಧ ಕ್ಯಾರೆಟ್‌ನ ಹರಳಿನಲ್ಲಿ ಒಂದು ಪಟ್ಟಿ ಕಪ್ಪಾದರೆ ಕಣ್ಣಿಗೆ ಗೆರೆಯಷ್ಟೇ ಕಾಣುತ್ತದೆ, ಮೂರು ಕ್ಯಾರೆಟ್‌ನಲ್ಲಿ ಹರಳಿನ ಒಂದು ಭಾಗವೇ ಸತ್ತಂತೆ ಕಾಣುತ್ತದೆ.

ಮೊದಲನೆಯ ಹರಳು 10.0 × 7.1 ಮಿಲಿಮೀಟರ್. ಅಗಲಕ್ಕೆ ಹೋಲಿಸಿದರೆ ಆಳ ಶೇ. 56, ಮೇಲಿನ ಚಪ್ಪಟೆ ಮುಖವಾದ ಟೇಬಲ್ ಶೇ. 73. ಮೂರರಲ್ಲಿ ನೋಡಲು ಇದೇ ದೊಡ್ಡದಾದ್ದರಿಂದ ಅಂಗಡಿಯವರು ಇದನ್ನೇ ಮುಂದೆ ಮಾಡಿದರು. ಹುಡುಗಿ ಅದನ್ನು ಎರಡು ಬೆರಳುಗಳ ಸಂದಿಯಲ್ಲಿಟ್ಟುಕೊಂಡು ನೋಡಿ, "ಮಾಮ, ಇದರೊಳಗೆ ನನ್ನ ಚರ್ಮ ಕಾಣ್ತಿದೆಯಲ್ಲ" ಎಂದಳು. ಅವಳ ಮಾತು ನಿಜವಾಗಿತ್ತು. ಮೇಜಿನ ಮೇಲಿದ್ದ ಬಿಲ್ಲಿನ ಅಚ್ಚಿನ ಮೇಲೆ ಇಟ್ಟರೆ ನಡುವಿನಿಂದ ಅಕ್ಷರದ ಗೆರೆ ಮಸುಕಾಗಿ ಕಾಣುತ್ತಿತ್ತು. ವಜ್ರದೊಳಗೆ ಬಂದ ಬೆಳಕು ತಳದ ಮುಖಕ್ಕೆ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಮಾತ್ರ ಪೂರ್ತಿ ಹಿಂದಿರುಗುತ್ತದೆ. ಅದಕ್ಕಿಂತ ನೇರವಾಗಿ ಬಡಿದರೆ ಬಹುಪಾಲು ಆಚೆಗೆ ಸೋರಿಹೋಗುತ್ತದೆ. ತಳ ಚಪ್ಪಟೆಯಾದ ಈ ಹರಳಿನ ನಡುವೆ ಆಗಿದ್ದು ಅದೇ. ವ್ಯಾಪಾರದಲ್ಲಿ ಈ ದೋಷವನ್ನು ವಿಂಡೋ ಎನ್ನುತ್ತಾರೆ.

ಎರಡನೆಯದು ಇದಕ್ಕೆ ತದ್ವಿರುದ್ಧ: 9.0 × 6.4 ಮಿಲಿಮೀಟರ್, ಆಳ ಶೇ. 74. ತೂಕವೆಲ್ಲ ಹೊಟ್ಟೆಯಲ್ಲಿತ್ತು. ಪಕ್ಕದಿಂದ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡಿದರೆ ತಳದ ಪಟ್ಟಿಗಳು ಗಡಿಗೆಯ ಹಾಗೆ ಉಬ್ಬಿಕೊಂಡಿದ್ದವು. ಕತ್ತರಿಸುವವರು ಒರಟು ಕಲ್ಲಿನ ತೂಕ ಉಳಿಸಿಕೊಳ್ಳಲು ಹೀಗೆ ಮಾಡುವುದುಂಟು, ಏಕೆಂದರೆ 2.90ಕ್ಕೂ 3.00ಕ್ಕೂ ನಡುವೆ ಕ್ಯಾರೆಟ್ ದರವೇ ಒಂದು ಮೆಟ್ಟಿಲು ಮೇಲೇರುತ್ತದೆ. ಕೊಳ್ಳುವವರು ಆ ಹೊಟ್ಟೆಗೂ ಹಣ ತೆರುತ್ತಾರೆ, ಅದು ಉಂಗುರದ ಒಳಗೆ ಅಡಗಿ ಕುಳಿತಿರುತ್ತದೆ. ಮೇಲಿನಿಂದ ನೋಡಿದಾಗ ಉದ್ದದ ಎರಡು ಪಟ್ಟಿಗಳು ಸದಾ ಕಪ್ಪಾಗಿದ್ದವು. ಎಷ್ಟೇ ಅಲ್ಲಾಡಿಸಿದರೂ ಬೆಳಗಲಿಲ್ಲ.

ಮೂರನೆಯದರ ಮುಂದೆ ಹೆಚ್ಚು ಹೊತ್ತು ಕುಳಿತೆವು. 9.4 × 6.8 ಮಿಲಿಮೀಟರ್, ಆಳ ಶೇ. 66, ಟೇಬಲ್ ಶೇ. 63. ಟೇಬಲ್ ಚಿಕ್ಕದಾಗಿದ್ದು, ಅದರ ಸುತ್ತಲಿನ ಇಳಿಜಾರು, ಅಂದರೆ ಕ್ರೌನ್, ಎತ್ತರವಾಗಿತ್ತು. ತಳದ ಮೂರು ಸಾಲುಗಳು ಅಂಚಿನ ಬಳಿ ಕಡಿದಾಗಿ ಆರಂಭವಾಗಿ ಕೆಳಗಿನ ತುದಿಗೆರೆಯಾದ ಕೀಲ್‌ನತ್ತ ಹಂತಹಂತವಾಗಿ ಓರೆಯಾಗುತ್ತಿದ್ದವು. ಒಂದೊಂದು ಸಾಲಿನ ಕೋನವೂ ಬೇರೆಯಾದ್ದರಿಂದ ಬೆಳಕು ಒಂದೊಂದನ್ನೂ ಬೇರೆ ಬೇರೆ ಗಳಿಗೆಯಲ್ಲಿ ತಲುಪುತ್ತಿತ್ತು. ಹರಳನ್ನು ಚಿಮಟದಲ್ಲಿ ಹಿಡಿದು ಸ್ವಲ್ಪವೇ ವಾಲಿಸಿದರೆ ಒಂದು ಪಟ್ಟಿ ಥಟ್ಟನೆ ಬೆಳ್ಳಗಾಗಿ, ಅದರ ಪಕ್ಕದ್ದು ಕಪ್ಪಾಗಿ, ಮರುಕ್ಷಣ ಎರಡೂ ಪಾತ್ರ ಬದಲಾಯಿಸಿಕೊಳ್ಳುತ್ತಿದ್ದವು. ಕ್ರೌನ್‌ನ ಇಳಿಜಾರಿನಲ್ಲಿ ಆಗಾಗ ಕಿತ್ತಳೆ, ನೀಲಿ ಬಣ್ಣದ ಒಂದು ಅಗಲವಾದ ಹೊಳಪು ಹಾದುಹೋಗುತ್ತಿತ್ತು. ಸ್ಟೆಪ್ ಕಟ್‌ನ ಸೌಂದರ್ಯವೆಂದರೆ ಈ ಕಪ್ಪುಬಿಳುಪಿನ ಆಟ. ಕಪ್ಪೇ ಇಲ್ಲದ ಸ್ಟೆಪ್ ಕಟ್ ಸಪ್ಪೆಯೆಂದೇ ನನ್ನ ಅನಿಸಿಕೆ. ಕಪ್ಪು ಒಂದೇ ಕಡೆ ನಿಂತುಬಿಡಬಾರದು, ಅಷ್ಟೆ. 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಆಶರ್ ಮನೆತನದವರು ರೂಪಿಸಿದ ಚೌಕಾಕಾರದ ಆಶರ್ ಕಟ್‌ನಲ್ಲೂ ಚಿಕ್ಕ ಟೇಬಲ್ ಮತ್ತು ಎತ್ತರದ ಕ್ರೌನ್ ಇದ್ದವು. ನಟ ರಿಚರ್ಡ್ ಬರ್ಟನ್ 1968ರಲ್ಲಿ ನಟಿ ಎಲಿಜಬೆತ್ ಟೇಲರ್‌ಗೆ ಕೊಡಿಸಿದ 33.19 ಕ್ಯಾರೆಟ್‌ನ ಕ್ರುಪ್ ವಜ್ರ ಆ ಕಟ್‌ನದ್ದೇ.

ಅಂಗಡಿಯ ಬಗ್ಗೆ ನನ್ನ ಆಕ್ಷೇಪವೊಂದಿದೆ. ಮಾರಾಟದ ಯುವಕರು ಎರಡನೆಯ ಹರಳನ್ನು "ಟ್ರಿಪಲ್ ಎಕ್ಸಲೆಂಟ್ ಸರ್" ಎಂದರು. ಪತ್ರ ತೆಗೆದು ನೋಡಿದರೆ ಅದರಲ್ಲಿ ಪಾಲಿಶ್ ಮತ್ತು ಸಿಮೆಟ್ರಿಗೆ ಮಾತ್ರ ಎಕ್ಸಲೆಂಟ್ ಇತ್ತು, ಮೂರನೆಯ ಎಕ್ಸಲೆಂಟ್ ಆಗಬೇಕಿದ್ದ ಕಟ್ ದರ್ಜೆ ಇರಲೇ ಇಲ್ಲ. ವಜ್ರಗಳಿಗೆ ದರ್ಜೆ ಕೊಡುವ ಅಮೆರಿಕದ ಜಿಐಎ ಸಂಸ್ಥೆ 2006ರಿಂದ ಕೊಡುತ್ತಿರುವ ಒಟ್ಟಾರೆ ಕಟ್ ದರ್ಜೆ ದುಂಡು ಬ್ರಿಲಿಯಂಟ್‌ಗಳಿಗೆ ಮೀಸಲಾದದ್ದು. ಹಾಗಾದರೆ ಟೇಬಲ್, ಆಳದ ಅಂಕಿಗಳನ್ನು ನೋಡಿ ಆರಿಸಬಹುದಲ್ಲ ಎಂದರೆ, ಅದೂ ಸಾಲದು. ಮೂರನೆಯದು ನಮಗೆ ಹಿಡಿಸಿತೆಂದು ತಿಳಿದ ಮೇಲೆ ಅವರು ಹೆಚ್ಚುಕಡಿಮೆ ಅದೇ ಅಂಕಿಗಳಿರುವ ನಾಲ್ಕನೆಯದೊಂದನ್ನು ತಂದರು: ಟೇಬಲ್ ಶೇ. 64, ಆಳ ಶೇ. 66. ಪಕ್ಕದಿಂದ ನೋಡಿದರೆ ಅದರ ಕ್ರೌನ್ ತೆಳ್ಳಗೆ, ತಳ ದಪ್ಪಗೆ. ಹೊಳಪು ಮಂಕಾಗಿತ್ತು. ಒಟ್ಟು ಆಳವೆಷ್ಟು ಎಂಬುದನ್ನು ಹೇಳುವ ಪತ್ರ, ಆ ಆಳ ಕ್ರೌನ್‌ನಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂಬುದನ್ನು ಹೇಳಿರಲಿಲ್ಲ.

ಇನ್ನೊಂದು ತೊಡಕು ಅಂಗಡಿಯ ದೀಪಗಳದ್ದು. ಮೇಜಿನ ಮೇಲಿನ ಎಲ್‌ಇಡಿ ಸ್ಪಾಟ್‌ಲೈಟ್‌ಗಳ ಕೆಳಗೆ ಮೊದಲನೆಯ ಹರಳು ಕೂಡ ರಾಜಕುಮಾರನಂತೆ ಮೆರೆಯುತ್ತಿತ್ತು. ಬೀದಿಯ ಕಡೆಯ ಕಿಟಕಿಗೆ ಒಯ್ಯಬಹುದೇ ಎಂದು ಕೇಳಿದಾಗ ಮೇಲ್ವಿಚಾರಕರು ಒಂದು ಕ್ಷಣ ಯೋಚಿಸಿ, ಕಾವಲಿನವರನ್ನು ಜೊತೆಗೆ ನಿಲ್ಲಿಸಿ ಒಪ್ಪಿದರು. ಆ ಸೌಜನ್ಯವನ್ನು ಮರೆಯಲಾರೆ. ಕಣ್ಣಿಗೆ ತೀರ ಹತ್ತಿರ ಹಿಡಿದರೆ ನಮ್ಮ ತಲೆಯ ನೆರಳೇ ಹರಳಿನಲ್ಲಿ ಬಿದ್ದು ಎಲ್ಲವೂ ಕಪ್ಪಾಗುವುದರಿಂದ, ಉಂಗುರ ತೊಟ್ಟ ಕೈಯನ್ನು ನೋಡುವಷ್ಟು ದೂರದಲ್ಲಿಟ್ಟು ನೋಡಿದೆವು.

ಮೂರನೆಯದನ್ನೇ ಕೊಂಡೆವು. ಸ್ಟೆಪ್ ಕಟ್‌ನ ಟೇಬಲ್ ಚಿಕ್ಕದಿದ್ದರೂ ಒಳಗಿನ ಚುಕ್ಕೆಗಳನ್ನು ಕಿಟಕಿಯಂತೆ ತೋರಿಸುವುದರಿಂದ ವಿಎಸ್ 1ಕ್ಕಿಂತ ಕೆಳಗೆ ಇಳಿಯದಿದ್ದುದು ಒಳ್ಳೆಯದಾಯಿತು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಹರಳು ಕೂರಿಸುವಾಗ ಸುತ್ತಲೂ ಚಿನ್ನದ ಅಂಚು ಕಟ್ಟುವ ಸಲಹೆ ಬಂದಿತ್ತು. ಅದನ್ನು ಬೇಡವೆಂದು, ಓರೆಯಾಗಿ ಕತ್ತರಿಸಿದ ನಾಲ್ಕು ಮೂಲೆಗಳ ಮೇಲೆ ಮಾತ್ರ ಸಣ್ಣ ಪ್ರಾಂಗ್, ಅಂದರೆ ಹರಳನ್ನು ಹಿಡಿದಿಡುವ ಕೊಕ್ಕೆ, ಇಡಿಸಿದೆವು. ಒಂದು ಪ್ರಾಂಗ್ ತುಸು ದಪ್ಪವಾಗಿ, ಕ್ರೌನ್‌ನ ಮೊದಲ ಮೆಟ್ಟಿಲನ್ನು ಮುಚ್ಚುವಂತೆ ಬಂದಿದ್ದರಿಂದ ಉಂಗುರ ಮತ್ತೆ ಅಕ್ಕಸಾಲಿಗರ ಕೈಗೆ ಹೋಗಿದೆ. ಅದಕ್ಕೆ ಬೇರೆ ಮಜೂರಿ ಕೇಳಿಲ್ಲ.